ಬಾಡಿಗೆಗೆಂದು ಮೊದಲ ಮನೆ ಕೊಂಡದ್ದು: ನನ್ನ ಅನುಭವ

ವಾಸಕ್ಕೆಂದು ಮನೆ ಕೊಳ್ಳುವವರು ನೋಡುವ ಸಂಗತಿಗಳೇ ಬೇರೆ, ಬಾಡಿಗೆಯ ಆದಾಯಕ್ಕೆಂದು ಕೊಳ್ಳುವವರು ನೋಡಬೇಕಾದ ಸಂಗತಿಗಳೇ ಬೇರೆ. ಸ್ಥಿರಾಸ್ತಿಯಲ್ಲಿ ಹಣ ತೊಡಗಿಸಬೇಕೆಂದು ನಿರ್ಧರಿಸಿದಾಗ ನಾನು ಮೊದಲು ಈ ಎರಡನ್ನೂ ಮನಸ್ಸಿನಲ್ಲಿ ಬೇರ್ಪಡಿಸಿಕೊಂಡೆ. ಬೆಲೆ ಮುಂದೆ ಏರುತ್ತದೆಂಬ ನಿರೀಕ್ಷೆಯನ್ನು ಲೆಕ್ಕದಿಂದ ಪೂರ್ತಿಯಾಗಿ ಹೊರಗಿಟ್ಟು, ಇಂದಿನ ಬಾಡಿಗೆಯಲ್ಲಿ ಎಲ್ಲ ಖರ್ಚು ಕಳೆದು ಉಳಿಯುವ ಹಣವೊಂದನ್ನೇ ಆಧಾರವಾಗಿಟ್ಟುಕೊಳ್ಳಬೇಕೆಂದು ತೀರ್ಮಾನಿಸಿದೆ. ಆಸ್ತಿಯ ಬೆಲೆ ಎಂದಿಗೂ ಇಳಿಯುವುದಿಲ್ಲ ಎಂದು ಹೇಳುವವರಿಗೆ ಕೊರತೆಯಿಲ್ಲ. ಆದರೆ ಜಪಾನಿನಲ್ಲಿ 1991ರ ಸುಮಾರಿಗೆ ತುದಿ ಮುಟ್ಟಿದ ಭೂಮಿಯ ಬೆಲೆ ಮುಂದೆ ಒಂದು ದಶಕಕ್ಕೂ ಹೆಚ್ಚು ಕಾಲ ಇಳಿಯುತ್ತಲೇ ಹೋಯಿತು; ಅಮೆರಿಕದಲ್ಲಿ 2006ರಿಂದ 2012ರ ನಡುವೆ ಮನೆಗಳ ಬೆಲೆ, ಅಲ್ಲಿನ ಮನೆಬೆಲೆಗಳ ಏರಿಳಿತ ಅಳೆಯುವ ಕೇಸ್-ಶಿಲ್ಲರ್ ಸೂಚ್ಯಂಕದ ಪ್ರಕಾರ, ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಅಂಥ ಕಾಲದಲ್ಲಿ ಬಾಡಿಗೆಯಿಂದಲೇ ಸಾಲದ ಕಂತು ಹೊರಡುವಂತಿದ್ದರೆ ಮಾಲೀಕ ಕಾಯಬಲ್ಲ; ಮಾರಾಟವನ್ನೇ ನಂಬಿದವನಿಗೆ ಕಾಯುವ ಶಕ್ತಿ ಇರುವುದಿಲ್ಲ.

ಲೆಕ್ಕವನ್ನು ನಾನು ಮಾಡಿಕೊಂಡ ಬಗೆ ಹೀಗಿದೆ. ಮನೆಯ ಬೆಲೆ 100 ಎಂದೂ ವರ್ಷದ ಬಾಡಿಗೆ 6 ಎಂದೂ ಇಟ್ಟುಕೊಳ್ಳೋಣ. ಮಾರುವವರು ನೂರಕ್ಕೆ ಆರು ಸಿಗುತ್ತದೆ ಎನ್ನುತ್ತಾರೆ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಉಳಿದರೆ 0.5 ಅಲ್ಲಿಯೇ ಹೋಯಿತು. ತೆರಿಗೆ, ವಿಮೆ, ಕಟ್ಟಡದ ನಿರ್ವಹಣೆ, ಸುಣ್ಣಬಣ್ಣ, ದುರಸ್ತಿ, ದಲ್ಲಾಳಿಯ ಕಮಿಷನ್ ಎಲ್ಲ ಸೇರಿ ಒಂದೂವರೆ ಎಂದರೂ ಕೈಗೆ ಉಳಿಯುವುದು 4. ಇತ್ತ ಮುದ್ರಾಂಕ ಶುಲ್ಕ, ನೋಂದಣಿ, ವಕೀಲರ ಶುಲ್ಕ ಇವೆಲ್ಲ ಸೇರಿ ಕೊಳ್ಳುವಾಗ ತೆತ್ತದ್ದು 107 ಆಗಿದ್ದರೆ, ನಿಜವಾದ ಆದಾಯ ನೂರಕ್ಕೆ 3.7 ಮಾತ್ರ. ಇಲ್ಲಿನ ಅಂಕಿಗಳು ಊರಿಂದೂರಿಗೆ ಬದಲಾಗುತ್ತವೆ, ಆದರೆ ಹೇಳುವ ಆದಾಯಕ್ಕೂ ಕೈ ಸೇರುವ ಆದಾಯಕ್ಕೂ ಇರುವ ಅಂತರ ಎಲ್ಲ ಊರಿನಲ್ಲೂ ಇರುತ್ತದೆ. ಯಾವ ಮನೆಯನ್ನು ನೋಡಲು ಹೊರಟರೂ ಈ ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಂಡೇ ಹೊರಡುತ್ತಿದ್ದೆ. ಒಮ್ಮೆ ಒಳಗೆ ಕಾಲಿಟ್ಟು ಬೆಳಕು, ಗಾಳಿ ಮೆಚ್ಚಿದ ಮೇಲೆ ಅಂಕಿಗಳನ್ನು ತಟಸ್ಥವಾಗಿ ನೋಡುವುದು ಕಷ್ಟ.

ಸಾಲದ ವಿಷಯ ಇನ್ನಷ್ಟು ಬಿಗಿಯಾದದ್ದು. ಅದೇ ಮನೆಗೆ 80ರಷ್ಟು ಸಾಲವನ್ನು ಶೇಕಡಾ 9ರ ಬಡ್ಡಿಯಲ್ಲಿ 20 ವರ್ಷಕ್ಕೆ ಪಡೆದರೆ ವರ್ಷದ ಕಂತುಗಳ ಮೊತ್ತ ಸುಮಾರು 8.6 ಆಗುತ್ತದೆ. ಬಾಡಿಗೆಯಿಂದ ಉಳಿಯುವುದು 4, ಉಳಿದ 4.6 ಪ್ರತಿ ವರ್ಷ ಸಂಬಳದಿಂದಲೇ ಹೊರಡಬೇಕು. ಬಾಡಿಗೆಯೊಂದೇ ಹೊರಬಲ್ಲ ಸಾಲ ಎಷ್ಟೆಂದು ಹಿಂದಿನಿಂದ ಲೆಕ್ಕ ಹಾಕಿದಾಗ 37 ಎಂಬ ಉತ್ತರ ಬಂದಿತು. ಇದಲ್ಲದೆ, ಇಂಥ ಸಾಲದಲ್ಲಿ ಆರಂಭದ ಕಂತುಗಳ ಬಹುಪಾಲು ಬಡ್ಡಿಗೇ ಹೋಗುವುದರಿಂದ, ಹತ್ತು ವರ್ಷ ತಪ್ಪದೆ ಕಟ್ಟಿದ ಮೇಲೂ ಅಸಲಿನ ಶೇಕಡಾ 71ರಷ್ಟು ಬಾಕಿ ಇರುತ್ತದೆ. ಸ್ವಂತದ್ದು 20 ಮಾತ್ರ ಹಾಕಿದವನ ಮನೆಯ ಬೆಲೆ ಹತ್ತು ಇಳಿದರೆ ಅವನ ಹಣದ ಅರ್ಧ ಕರಗಿದಂತೆಯೇ. ಹತ್ತು ಏರಿದಾಗ ಅರ್ಧದಷ್ಟು ಲಾಭವೂ ಬರುತ್ತದೆ ಎಂಬುದು ನಿಜ, ಜನರನ್ನು ಸೆಳೆಯುವುದೂ ಅದೇ. ಆದರೆ ಮೊದಲ ಬಾರಿ ಕೊಳ್ಳುವವರು ಇಳಿಕೆಯನ್ನು ಎದುರಿಟ್ಟುಕೊಂಡೇ ಸಾಲದ ಪ್ರಮಾಣ ನಿರ್ಧರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗಾಗಿ ನಾನು ಸಣ್ಣ ಮನೆಯನ್ನೇ ಆರಿಸಿಕೊಂಡೆ, ಬೆಲೆಯ ಅರ್ಧಕ್ಕಿಂತ ಹೆಚ್ಚು ಹಣ ಕೂಡುವವರೆಗೆ ಕಾದೆ, ಆರು ತಿಂಗಳ ಕಂತಿಗೆ ಸಮನಾದ ಮೊತ್ತವನ್ನು ಮುಟ್ಟದೆ ಬೇರೆ ಖಾತೆಯಲ್ಲಿ ಇಟ್ಟೆ.

ಕಾಯುತ್ತಿದ್ದ ಕಾಲ ವ್ಯರ್ಥವಾಗಲಿಲ್ಲ. ಉಳಿತಾಯದ ಒಂದು ಪಾಲನ್ನು ಸ್ಥಿರಾಸ್ತಿ ಹೂಡಿಕೆ ಟ್ರಸ್ಟ್‌ಗಳ, ಅಂದರೆ ರೀಟ್‌ಗಳ, ಯೂನಿಟ್‌ಗಳಲ್ಲಿ ತೊಡಗಿಸಿದೆ. ಅಮೆರಿಕದಲ್ಲಿ 1960ರ ಕಾನೂನಿನಿಂದ ಹುಟ್ಟಿದ ಈ ವ್ಯವಸ್ಥೆಯಲ್ಲಿ ಅನೇಕರ ಸಣ್ಣ ಮೊತ್ತಗಳು ಸೇರಿ ದೊಡ್ಡ ಕಟ್ಟಡಗಳಾಗುತ್ತವೆ. ಅಲ್ಲಿ ಈಗಿನ ನಿಯಮದಂತೆ ತೆರಿಗೆಗೆ ಒಳಪಡುವ ಆದಾಯದ ಶೇಕಡಾ 90ರಷ್ಟನ್ನಾದರೂ ಹೂಡಿಕೆದಾರರಿಗೆ ಹಂಚಬೇಕು. ನನಗೆ ಹೆಚ್ಚು ಉಪಯೋಗವಾದದ್ದು ಬಂದ ಲಾಭಾಂಶಕ್ಕಿಂತ ಅವುಗಳ ತ್ರೈಮಾಸಿಕ ವರದಿಗಳ ಓದು. ಎಷ್ಟು ಜಾಗ ಭರ್ತಿಯಾಗಿದೆ, ಯಾವ ವರ್ಷ ಎಷ್ಟು ಕರಾರುಗಳು ಮುಗಿಯುತ್ತವೆ, ಖರ್ಚು ಕಳೆದ ಬಾಡಿಗೆ ಎಷ್ಟು ಎಂದು ದೊಡ್ಡ ಮಾಲೀಕರು ಕೇಳಿಕೊಳ್ಳುವ ಪ್ರಶ್ನೆಗಳನ್ನೇ ಒಂದು ಸಣ್ಣ ಮನೆಯ ಬಗ್ಗೆಯೂ ಕೇಳಬಹುದೆಂದು ಅಲ್ಲಿ ಕಲಿತೆ.

ಬಡಾವಣೆಯ ಆಯ್ಕೆಯಲ್ಲಿ ನಾನು ವಿಸ್ತಾರಕ್ಕೆ ಹೋಗಲಿಲ್ಲ. ನಡೆದು ಸುತ್ತಬಹುದಾದಷ್ಟು ಪ್ರದೇಶವನ್ನು ಗುರುತು ಮಾಡಿಕೊಂಡು, ಅಲ್ಲಿ ಬಾಡಿಗೆಗೆ ಬಂದ ಪ್ರತಿ ಮನೆಯನ್ನೂ ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋದೆ: ಕೇಳಿದ ಬಾಡಿಗೆ ಎಷ್ಟು, ಫಲಕ ಎಷ್ಟು ಕಾಲ ಗೇಟಿನ ಮೇಲಿತ್ತು, ಕೊನೆಗೆ ಎಷ್ಟಕ್ಕೆ ಹೋಯಿತು. ಕೇಳಿದ ಬಾಡಿಗೆ ಯಾರಿಗೂ ಸಿಗುವ ಮಾಹಿತಿ. ಕೊನೆಗೆ ನಿಗದಿಯಾದ ಬಾಡಿಗೆಯನ್ನು ಪಕ್ಕದ ಮನೆಯವರಿಂದಲೋ ಹೊಸದಾಗಿ ಬಂದ ಬಾಡಿಗೆದಾರರಿಂದಲೋ ಕೇಳಿಯೇ ತಿಳಿಯಬೇಕು.

ಮನೆಯನ್ನು ನೋಡುವಾಗ ನಾನು ಕೇಳುತ್ತಿದ್ದ ಮೊದಲ ಕಾಗದ ಹಿಂದಿನ ಎರಡು ವರ್ಷಗಳ ವಿದ್ಯುತ್ ಬಿಲ್‌ಗಳು. ಯೂನಿಟ್‌ಗಳ ಸಂಖ್ಯೆ ಹೆಚ್ಚುಕಡಿಮೆ ಸೊನ್ನೆಗೆ ಇಳಿದಿರುವ ತಿಂಗಳುಗಳು ಮನೆ ಖಾಲಿ ಇದ್ದ ತಿಂಗಳುಗಳು. ಬಾಡಿಗೆದಾರರು ಎಂದೂ ತಪ್ಪಿಲ್ಲ ಎಂಬ ಮಾತನ್ನು ಇದಕ್ಕಿಂತ ಚೆನ್ನಾಗಿ ಪರಿಶೀಲಿಸುವ ದಾರಿ ನನಗೆ ಸಿಕ್ಕಿಲ್ಲ. ಒಂದು ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಅದರ ಹಿಂದಿನ ಸ್ನಾನದ ಮನೆಗೆ ಹೋಗಿ, ಆ ಗೋಡೆಗೆ ತಾಗಿದ ನಲ್ಲಿಯ ಸುತ್ತ ಅಂಗೈಯಿಟ್ಟು ತೇವ ನೋಡುತ್ತಿದ್ದೆ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿ ನೀರಿನ ರಭಸ ತಗ್ಗುತ್ತದೆಯೇ ಎಂದು ನೋಡುವುದು, ಅಡುಗೆಮನೆಯ ಸಿಂಕಿನ ಕೆಳಗಿನ ಹಲಗೆ ಊದಿಕೊಂಡಿದೆಯೇ ಎಂದು ಮುಟ್ಟಿ ನೋಡುವುದು, ಮಳೆ ಬಂದ ಮರುದಿನ ಮತ್ತೊಮ್ಮೆ ಹೋಗುವುದು ಇವೆಲ್ಲ ಯಾವ ಪರಿಣತಿಯೂ ಬೇಡದ ಕೆಲಸಗಳು. ಕಂಬ, ತೊಲೆಗಳಲ್ಲಿ ಬಿರುಕು ಕಂಡಾಗ ಮಾತ್ರ ನನ್ನ ಕಣ್ಣನ್ನು ನಂಬದೆ ಎಂಜಿನಿಯರನ್ನು ಕರೆಸಿದೆ.

ದಾಖಲೆಗಳ ಮಹತ್ವ ಅರ್ಥವಾಗಲು ಒಂದು ಹಳೆಯ ಸಂಗತಿ ನೆರವಾಯಿತು. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1858ರಲ್ಲಿ ರಾಬರ್ಟ್ ಟೊರೆನ್ಸ್ ಅವರ ಪ್ರಯತ್ನದಿಂದ ಜಾರಿಗೆ ಬಂದ ಪದ್ಧತಿಯಲ್ಲಿ ಸರ್ಕಾರದ ಪುಸ್ತಕದಲ್ಲಿ ಹೆಸರಿರುವುದೇ ಒಡೆತನಕ್ಕೆ ಖಾತರಿ. ಇನ್ನೂ ಅನೇಕ ಕಡೆಗಳಲ್ಲಿ ನೋಂದಣಿಯಾಗುವುದು ಕ್ರಯಪತ್ರ ಮಾತ್ರ. ಮಾರಿದವನಿಗೆ ಮಾರುವ ಹಕ್ಕಿತ್ತೇ ಎಂಬುದಕ್ಕೆ ಕಚೇರಿ ಹೊಣೆಯಲ್ಲ. ನೀವು ಕೊಳ್ಳುವ ಜಾಗದಲ್ಲಿ ಯಾವ ಪದ್ಧತಿಯಿದೆ ಎಂಬುದನ್ನು ಮೊದಲೇ ತಿಳಿದುಕೊಂಡರೆ ಎಷ್ಟು ಹಿಂದಿನವರೆಗೆ ಪತ್ರಗಳನ್ನು ನೋಡಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ನಾನು ಮಾರುವವರಿಗಾಗಲಿ ದಲ್ಲಾಳಿಗಾಗಲಿ ಸಂಬಂಧವಿಲ್ಲದ ವಕೀಲರನ್ನು ಗೊತ್ತುಮಾಡಿ, ಒಡೆತನ ಕೈಬದಲಾದ ಸರಪಳಿ, ಬಾಕಿ ಸಾಲ, ವಾರಸುದಾರರ ಸಹಿ, ಕಟ್ಟಡದ ಪರವಾನಗಿ ಇಷ್ಟನ್ನೂ ಅವರ ಲಿಖಿತ ಅಭಿಪ್ರಾಯದಲ್ಲಿ ಪಡೆದ ಮೇಲೆಯೇ ಮುಂಗಡ ಕೊಟ್ಟೆ. ಇನ್ನೊಬ್ಬರು ಇಂದೇ ಕೊಳ್ಳಲು ಸಿದ್ಧರಿದ್ದಾರೆ ಎಂದು ಅವಸರಪಡಿಸಿದ ಮನೆಗಳನ್ನು ಬಿಟ್ಟುಬಿಟ್ಟೆ. ಅವುಗಳಲ್ಲಿ ಕೆಲವು ಒಳ್ಳೆಯವೂ ಆಗಿದ್ದಿರಬಹುದು, ಅದಕ್ಕೆ ನನಗೆ ಬೇಸರವಿಲ್ಲ.

ಬಾಡಿಗೆದಾರರನ್ನು ಆರಿಸುವಾಗಲೂ ಲೆಕ್ಕವೇ ನೆರವಾಯಿತು. ಶೇಕಡಾ 5ರಷ್ಟು ಕಡಿಮೆ ಬಾಡಿಗೆಗೆ ಒಪ್ಪಿದರೆ ವರ್ಷದಲ್ಲಿ ಕಳೆದುಕೊಳ್ಳುವುದು 18 ದಿನಗಳ ಬಾಡಿಗೆಯನ್ನು ಮಾತ್ರ. ಹೆಚ್ಚು ಕೊಡುವವರಿಗಾಗಿ ಅದಕ್ಕಿಂತ ಹೆಚ್ಚು ದಿನ ಮನೆಯನ್ನು ಖಾಲಿ ಇಟ್ಟರೆ ಆ ವರ್ಷದ ಮಟ್ಟಿಗೆ ನಷ್ಟವೇ. ಹಿಂದಿನ ಮನೆಯ ಮಾಲೀಕರೊಡನೆ ಮಾತನಾಡಿ, ಉದ್ಯೋಗ ವಿಚಾರಿಸಿ, ನಂಬಿಕೆ ಮೂಡಿದವರಿಗೆ ಸ್ವಲ್ಪ ಕಡಿಮೆಗೇ ಕೊಟ್ಟೆ. ಗೋಡೆಗಳ, ನೆಲದ, ನಲ್ಲಿಗಳ ಛಾಯಾಚಿತ್ರಗಳಿಗೆ ಇಬ್ಬರೂ ಸಹಿ ಹಾಕಿ ಕರಾರಿಗೆ ಲಗತ್ತಿಸಿದೆವು. ದುರಸ್ತಿಯ ಮಾತು ಬಂದಾಗ ತಡಮಾಡಬಾರದು. ಸೋರುವ ನಲ್ಲಿಯನ್ನು ಅದೇ ವಾರ ಸರಿಪಡಿಸಿಕೊಡುವ ಮಾಲೀಕರ ಮನೆಯನ್ನು ಒಳ್ಳೆಯ ಬಾಡಿಗೆದಾರರು ಸುಲಭವಾಗಿ ಬಿಟ್ಟು ಹೋಗುವುದಿಲ್ಲ, ತಮ್ಮದೇ ಮನೆಯೆಂಬಂತೆ ಅದನ್ನು ನೋಡಿಕೊಳ್ಳುತ್ತಾರೆ.

ಈಗ ಪ್ರತಿ ವರ್ಷ ಕರಾರು ನವೀಕರಿಸುವ ಮುನ್ನ ಹಳೆಯ ಲೆಕ್ಕವನ್ನು ಹೊಸದಾಗಿ ಬರೆಯುತ್ತೇನೆ. ಆಗ ನಾನು ಕೊಟ್ಟ ಬೆಲೆಯ ಬದಲು, ಮನೆಗೆ ಇಂದು ಮಾರುಕಟ್ಟೆಯಲ್ಲಿ ಸಿಗಬಹುದಾದ ಬೆಲೆಯನ್ನು ಕೆಳಗಿಟ್ಟು ಭಾಗಿಸುತ್ತೇನೆ. ಆ ಬೆಲೆಗೆ ಇದೇ ಮನೆಯನ್ನು ಇಂದು ಮತ್ತೆ ಕೊಳ್ಳುವೆನೇ ಎಂಬ ಪ್ರಶ್ನೆಗೆ ಈವರೆಗೆ ಹೌದೆಂಬ ಉತ್ತರ ಬಂದಿದೆ. ಅಲ್ಲವೆಂದು ಬಂದ ವರ್ಷ ಮಾರಾಟದ ತೆರಿಗೆ ಮತ್ತು ಖರ್ಚನ್ನು ಕಳೆದು ನೋಡಿ, ಉಳಿಯುವ ಹಣಕ್ಕೆ ಬೇರೆಡೆ ಹೆಚ್ಚು ಆದಾಯ ಸಿಗುವಂತಿದ್ದರೆ ಮಾರುತ್ತೇನೆ.