ಸಂಕ್ರಾಂತಿ ಸೋಮವಾರ ಬಂದದ್ದೇ ಒಳ್ಳೆಯದಾಯಿತು

ಅಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಸೋಮವಾರ, ಬುಧವಾರ, ಶುಕ್ರವಾರ. ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಬಿಪಿಯಿಂದ ಕಿಡ್ನಿ ಕೈಕೊಟ್ಟ ಮೇಲೆ ನಮ್ಮನೆ ಕ್ಯಾಲೆಂಡರ್ ಅಂದರೆ ಇಷ್ಟೇ. ಹಬ್ಬ ಅಂತ ಮೆಷಿನ್‌ಗೆ ರಜೆ ಇಲ್ಲ. 2024ರ ಸಂಕ್ರಾಂತಿ ಜನವರಿ 15ರ ಸೋಮವಾರ ಬಿತ್ತು. "ಹಬ್ಬದ ದಿನವೂ ಆಸ್ಪತ್ರೆಯಾ" ಅಂತ ಅಮ್ಮ ಪೇಚಾಡಿದರು.

ಡಯಾಲಿಸಿಸ್‌ನವರಿಗೆ ಸಂಕ್ರಾಂತಿಯಷ್ಟು ಆಗಿಬರದ ಹಬ್ಬ ಇನ್ನೊಂದಿಲ್ಲವೇನೋ. ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ. ಒಂದೊಂದರಲ್ಲೂ ಪೊಟ್ಯಾಸಿಯಂ ಅಥವಾ ಫಾಸ್ಫರಸ್, ಕೆಲವದರಲ್ಲಿ ಎರಡೂ. ಜೊತೆಗೆ ಅವರೆಕಾಯಿ, ಬಾಳೆಹಣ್ಣು. ಕಿಡ್ನಿ ಕೆಟ್ಟವರ ಮೈಯಿಂದ ಇವು ಸರಿಯಾಗಿ ಹೊರಗೆ ಹೋಗಲ್ಲ, ಪೊಟ್ಯಾಸಿಯಂ ಏರಿದರೆ ಎದೆಬಡಿತವೇ ಏರುಪೇರಾಗುತ್ತದೆ. "ಒಂದು ದಿನ ತಿಂದ್ರೆ ಏನಾಗುತ್ತೆ" ಅನ್ನುವ ನೆಂಟರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ತಮಾಷೆ ಅಂದರೆ, ಇಡೀ ತಟ್ಟೆಯಲ್ಲಿ ಅಪ್ಪನಿಗೆ ಹೆಚ್ಚು ಭಯವಿಲ್ಲದೆ ಕೊಡಬಹುದಾದದ್ದು ಸಕ್ಕರೆ ಅಚ್ಚು! ಅವರಿಗೆ ಸಕ್ಕರೆ ಕಾಯಿಲೆ ಇಲ್ಲ.

ಹಿಂದಿನ ಸಂಕ್ರಾಂತಿಗೆ ಅವರು ಐಸಿಯುನಲ್ಲಿದ್ದರು. ಕುತ್ತಿಗೆಗೆ ಹಾಕಿದ್ದ ಪೈಪಿನಿಂದ ಡಯಾಲಿಸಿಸ್ ನಡೆಯುತ್ತಿತ್ತು. ಅದರ ವಿಷಯ ಜಾಸ್ತಿ ಬರೆಯಲ್ಲ. 2024ರ ಹೊತ್ತಿಗೆ ಎಡಗೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಚೆನ್ನಾಗಿ ಕೂತಿತ್ತು, ತಾವೇ ನಡೆದು ಹೋಗಿ ತೂಕದ ಮೆಷಿನ್ ಹತ್ತುತ್ತಿದ್ದರು. ಹಾಗಾಗಿ ಹಬ್ಬ ಬಿಡಬಾರದು, ಅವರ ಮೈಗೆ ಒಗ್ಗುವ ಹಾಗೆ ಮಾಡೋಣ ಅಂದುಕೊಂಡೆ.

ಮೊದಲು ಡಾಕ್ಟರ್ ಹತ್ತಿರ ಕೇಳಿದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಒಂದು ರೂಢಿ ಇದೆ. ಆಸೆಪಟ್ಟದ್ದನ್ನು ಮೆಷಿನ್ ಓಡುತ್ತಿರುವಾಗ, ಮೊದಲ ಗಂಟೆಯಲ್ಲಿ ಒಂಚೂರು ತಿನ್ನುತ್ತಾರೆ. ರಕ್ತ ಇನ್ನೂ ತುಂಬಾ ಹೊತ್ತು ಶುದ್ಧವಾಗುತ್ತಿರುತ್ತಲ್ವಾ, ಅದಕ್ಕೆ. ಎಲ್ಲರಿಗೂ ಇದು ಆಗಲ್ಲ. ಹೊಟ್ಟೆಗೆ ಬಿದ್ದ ತಕ್ಷಣ ಕೆಲವರಿಗೆ ಬಿಪಿ ಇಳಿದುಬಿಡುತ್ತದೆ. ಅಪ್ಪನ ರಿಪೋರ್ಟ್ ನೋಡಿ ಡಾಕ್ಟರು ಒಂದು ಟೀ ಚಮಚ ಎಳ್ಳುಬೆಲ್ಲಕ್ಕೆ ಒಪ್ಪಿದರು. ಶನಿವಾರ, ಭಾನುವಾರ ಮಾತ್ರ ಏನೂ ಬೇಡ ಅಂದರು. ಶುಕ್ರವಾರದಿಂದ ಸೋಮವಾರದವರೆಗಿನದು ವಾರದ ಅತಿ ಉದ್ದದ ಅಂತರ, ತೊಂದರೆ ಬರುವುದೂ ಆಗಲೇ ಜಾಸ್ತಿ. ಹಬ್ಬ ಭಾನುವಾರ ಬಿದ್ದಿದ್ದರೆ ಅಪ್ಪ ಸುಮ್ನೆ ನೋಡಿಕೊಂಡು ಕೂರಬೇಕಿತ್ತು.

ಖಾರ ಪೊಂಗಲ್‌ಗೆ ಉಪ್ಪು ಅರ್ಧ. ಉಪ್ಪು ಜಾಸ್ತಿಯಾದರೆ ಬಾಯಾರಿಕೆ, ನೀರು ಕುಡಿದರೆ ತೂಕ. ಆ ನೀರನ್ನೆಲ್ಲ ಮೆಷಿನ್ ಒಂದೇ ಸಲ ಎಳೆಯುವಾಗ ಕಾಲು ಸೆಳೆತ ಬರುತ್ತದೆ. ಹೆಸರುಬೇಳೆ ಕಮ್ಮಿ ಮಾಡಿ ಅಕ್ಕಿ ಹೆಚ್ಚಿಸಿದೆ, ಗೋಡಂಬಿ ಬಿಟ್ಟೆ. ಮೆಣಸು, ಜೀರಿಗೆ, ಶುಂಠಿ, ಕರಿಬೇವು ತುಪ್ಪದಲ್ಲಿ ಧಾರಾಳವಾಗಿ ಹಾಕಿದೆ. ಘಮ ಇದ್ದರೆ ಉಪ್ಪಿನ ಕೊರತೆ ಅಷ್ಟು ಗೊತ್ತಾಗಲ್ಲ. ಪಲ್ಯದ ತರಕಾರಿಯಲ್ಲಿ ಪೊಟ್ಯಾಸಿಯಂ ಕಮ್ಮಿಯಾಗಲಿ ಅಂತ ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿದೆ. ರುಚಿಯೂ ಸ್ವಲ್ಪ ಚೆಲ್ಲಿಹೋಗುತ್ತದೆ, ಏನು ಮಾಡೋದು. ಕಡಿಮೆ ಸೋಡಿಯಂ ಉಪ್ಪು ಅಂತ ಅಂಗಡಿಯಲ್ಲಿ ಸಿಗುತ್ತದಲ್ಲ, ಅದನ್ನು ಮಾತ್ರ ಇಂಥವರಿಗೆ ಕೊಡಬೇಡಿ. ಸೋಡಿಯಂ ಬದಲು ಅದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ.

ಅಚ್ಚು ಅಮ್ಮನ ಇಲಾಖೆ. ಸಕ್ಕರೆ ಪಾಕಕ್ಕೆ ಹಾಲು ಹಾಕಿ, ಮೇಲೆ ಬಂದ ಕೊಳೆ ತೆಗೆದು ಸೋಸಿ, ನೀರಲ್ಲಿ ನೆನೆದ ಮರದ ಅಚ್ಚಿಗೆ ಹುಯ್ದರು. ಬಿಡಿಸುವಾಗ ಆನೆಯ ಸೊಂಡಿಲು ಮುರಿಯಿತು. ಅದು ಪ್ರತಿ ವರ್ಷ ಮುರಿಯುತ್ತದೆ.

ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ, ಅಮ್ಮನೂ ರೇಷ್ಮೆ ಸೀರೆ ಉಟ್ಟು ಹೊರಟರು. ಟೆಕ್ನಿಷಿಯನ್, ನರ್ಸ್, ನೆಲ ಒರೆಸುವ ಅಕ್ಕ, ಎಲ್ಲರಿಗೂ ಎಳ್ಳು ಬೀರಿದರು. ಪೇಷೆಂಟ್‌ಗಳ ಕೈಗೆ ಕೊಡಲಿಲ್ಲ, ಜೊತೆಗೆ ಬಂದ ಮನೆಯವರಿಗೆ ಕೊಟ್ಟು "ಅವರಿಗೆ ಕೇಳದೆ ಕೊಡಬೇಡಿ" ಅಂತ ಹೇಳಿದರು. ವಾರಕ್ಕೆ ಮೂರು ದಿನ ಅಪ್ಪನ ಕೈಗೆ ಸೂಜಿ ಚುಚ್ಚುವ ಹುಡುಗನಿಗೆ ಎರಡು ಪೊಟ್ಟಣ. "ನಿನ್ನ ಕೈ ಚೆನ್ನಾಗಿರಲಪ್ಪ" ಅಂದರು. ಅವನಿಗೆ ಏನು ಹೇಳಬೇಕೋ ತೋಚದೆ ಬಿಪಿ ನೋಡಲು ಶುರುಮಾಡಿದ.

ಅರ್ಧ ಗಂಟೆ ಆದ ಮೇಲೆ ಅಪ್ಪನಿಗೆ ಆ ಒಂದು ಚಮಚ. ತುಂಬಾ ಹೊತ್ತು ಅಗಿದರು. "ಕೊಬ್ಬರಿ ಈ ಸಲ ದಪ್ಪ ಹೆಚ್ಚಿದ್ದೀಯ" ಅಂದರು. ಊಟದಲ್ಲಿ ಹುಳುಕು ಹುಡುಕುವಷ್ಟು ಗೆಲುವಾಗಿದ್ದಾರೆ ಅಂತ ನನಗೆ ಖುಷಿಯೋ ಖುಷಿ.

2025ರಲ್ಲಿ ಸಂಕ್ರಾಂತಿ ಜನವರಿ 14ರ ಮಂಗಳವಾರ. ಪೂಜೆ ಅವತ್ತೇ ಮಾಡಿದೆವು, ಎಳ್ಳುಬೆಲ್ಲ ಮಾತ್ರ ಹಿಂದಿನ ದಿನವೇ ಆಸ್ಪತ್ರೆಯಲ್ಲಿ. ಹಬ್ಬಕ್ಕೆ ಮೊದಲೇ ಎಳ್ಳು ತಿನ್ನೋದು ಎಲ್ಲಾದರೂ ಉಂಟಾ ಅಂತ ಸೋದರತ್ತೆ ಗೊಣಗಿದರು. "ನನ್ನ ಪಂಚಾಂಗ ಬರೆಯೋದು ಡಾಕ್ಟರು ಕಣಮ್ಮ" ಅಂತ ತಂಗಿಯ ಬಾಯಿ ಮುಚ್ಚಿಸಿದ್ದು ಅಪ್ಪನೇ.