ಒಡೆದ ಹವಳದ ದಿಬ್ಬಕ್ಕೆ ತುಂಡು ಕಟ್ಟುವುದು ಹೇಗೆ

ಜೀವವಿರುವ ಹವಳದ ತುಂಡು ಕಟ್ಟುವ ಮಾತು ಆಮೇಲೆ. ದಿಬ್ಬ ಒಡೆದದ್ದು ಯಾಕೆ ಎಂಬುದು ಮೊದಲು. ಲಂಗರು, ಸಿಡಿಮದ್ದಿನ ಮೀನುಗಾರಿಕೆ, ಹೊಳೆ ತರುವ ಹೂಳು ಇವು ನಿಲ್ಲದಿದ್ದರೆ ಕಟ್ಟಿದ್ದೂ ಹೋಗುತ್ತದೆ. ಕೈಯಲ್ಲಿ ಹಣ ಕಡಿಮೆಯಿದ್ದರೆ ಲಂಗರಿನ ಬದಲು ದೋಣಿ ಕಟ್ಟಲು ಒಂದು ಬೋಯಾ (ತಳಕ್ಕೆ ಬಿಗಿದ ತೇಲುಗುಂಡು) ಹಾಕಿಸಿ, ಮೊದಲಿಗೆ ಅಷ್ಟನ್ನೇ ಮಾಡಿ. ಹವಳಕ್ಕೆ ಕಾನೂನಿನ ರಕ್ಷಣೆ ಇರುವ ಕಡೆ ಲಿಖಿತ ಅನುಮತಿ ಬೇಕು. ದಿಬ್ಬದ ಬಳಿ ಬಲೆ ಬೀಸುವವರ ಒಪ್ಪಿಗೆಯಂತೂ ಎಲ್ಲ ಕಡೆಯೂ ಬೇಕು.

ಮುಳುಗಿ ತಳವನ್ನು ಕೈಯಿಂದ ತಳ್ಳಿ ನೋಡಿ. ಚೂರುಗಳು ಉರುಳಿದರೆ ಅಲ್ಲಿ ಏನೂ ಬೇರೂರದು. ಅಲೆ ಬಂದಾಗಲೆಲ್ಲ ಅವು ಹೊರಳಾಡಿ ಮರಿ ಹವಳವನ್ನು ಉಜ್ಜಿ ಹಾಕುತ್ತವೆ. ಇಂಥ ನೆಲಕ್ಕೆ ಚೌಕಟ್ಟೇ ಗತಿ. ಇಂಡೊನೇಷ್ಯಾದ ಸುಲವೇಸಿ ಕಡೆ ಬಳಸಿದ್ದು ಮರಳು ಲೇಪಿಸಿದ, ಆರು ಮೂಲೆಯ ಉಕ್ಕಿನ ಚೌಕಟ್ಟು. ಒಂದಕ್ಕೆ ಸುಮಾರು 15 ತುಂಡು ಕಟ್ಟಿ, ಚೌಕಟ್ಟುಗಳನ್ನು ಒಂದಕ್ಕೊಂದು ಬಿಗಿದು ಬಲೆಯಂತೆ ಹಾಸುತ್ತಾರೆ. ಗಟ್ಟಿ ಬಂಡೆಯಿದ್ದರೆ ಚೌಕಟ್ಟು ಬೇಡ. ಪಾಚಿ ಕೆರೆದು ತುಂಡನ್ನು ಸಿಮೆಂಟಿನಲ್ಲಿ ಕೂರಿಸಿ.

ಮುರಿದು ಬಿದ್ದು ಇನ್ನೂ ಜೀವವಿರುವ ತುಂಡುಗಳನ್ನೇ ಮೊದಲು ಆರಿಸಿ. ಸಾಲದಿದ್ದರೆ ತಾಯಿ ಹವಳದ ಹತ್ತನೇ ಒಂದು ಪಾಲಿನೊಳಗೆ ಕತ್ತರಿಸಿ. ಕವಲು ಹವಳಕ್ಕೆ 5ರಿಂದ 10 ಸೆಂ.ಮೀ. ಉದ್ದ ಸರಿ. ಹತ್ತಾರು ತಾಯಿಗಳಿಂದ ತೆಗೆಯಿರಿ. ಎಲ್ಲವೂ ಒಂದೇ ತಾಯಿಯವಾದರೆ ಒಂದೇ ರೋಗಕ್ಕೆ ಎಲ್ಲವೂ ಹೋಗಬಹುದು. ಸಾಗಿಸುವಾಗ ನೆರಳು, ತಾಜಾ ಸಮುದ್ರದ ನೀರು, ತುಂಡುಗಳ ನಡುವೆ ಅಂತರ ಇರಲಿ. ತೆಗೆದ ಆಳಕ್ಕೇ ಮರಳಿಸಿ.

ಕೆಲಸ ಕೆಡುವುದು ಹೆಚ್ಚಾಗಿ ಕಟ್ಟಿನಲ್ಲಿ. ತುಂಡನ್ನು ಚೌಕಟ್ಟಿಗೆ ಬಿಗಿಯುವ ಕೇಬಲ್ ಟೈ (ಪ್ಲಾಸ್ಟಿಕ್ ಪಟ್ಟಿ) ಎಳೆದ ಮೇಲೆ ತುಂಡನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಚೂರೇ ಚೂರು ಆಡಿದರೂ ಬಿಚ್ಚಿ ಮತ್ತೆ ಕಟ್ಟಿ, ಯಾಕೆಂದರೆ ಆಡುವ ತುಂಡು ಸರಳಿಗೆ ಅಂಟಿಕೊಳ್ಳುವುದೇ ಇಲ್ಲ. ಬಿಗಿಯಾಗಿದ್ದರೆ ಕೆಲವು ವಾರಗಳಲ್ಲಿ ಬುಡದಿಂದ ತೆಳು ಚರ್ಮವೊಂದು ಸರಳಿನ ಮೇಲೆ ಹರಡುತ್ತದೆ, ಬರಬರುತ್ತ ಟೈಯನ್ನೂ ನುಂಗಿಬಿಡುತ್ತದೆ. ಟೈನ ಕತ್ತರಿಸಿದ ಬಾಲಗಳನ್ನು ಎಣಿಸಿ ದಡಕ್ಕೆ ತನ್ನಿ.

ಮೊದಲ ಮೂರು ತಿಂಗಳು ವಾರಕ್ಕೊಮ್ಮೆಯಾದರೂ ಹೋಗಿ ಚೌಕಟ್ಟಿನ ಪಾಚಿಯನ್ನು ಬ್ರಷ್‌ನಿಂದ ಉಜ್ಜಬೇಕು. ಹವಳಕ್ಕೆ ಬ್ರಷ್ ತಾಗಬಾರದು. ಪಾಚಿ ಮೇಯುವ ಗಿಳಿಮೀನುಗಳನ್ನು ಹಿಡಿಯದೆ ಬಿಟ್ಟ ಕಡೆ ಈ ಚಾಕರಿ ಅರ್ಧ ತಪ್ಪುತ್ತದೆ. ಬುಡದಿಂದ ಮೇಲಕ್ಕೆ ಅಚ್ಚ ಬಿಳಿ ಗಾಯ ಕಂಡರೆ ಕವಲುಗಳ ಸಂದಿನಲ್ಲಿ ಹವಳ ತಿನ್ನುವ ಡ್ರುಪೆಲ್ಲಾ ಬಸವನಹುಳು ಹುಡುಕಿ, ಚಿಮಟದಿಂದ ತೆಗೆಯಿರಿ. ಒಂದು ಕಡೆಯಲ್ಲದೆ ಇಡೀ ತುಂಡು ಬೆಳ್ಳಗಾದರೆ ಅದು ಹೆಚ್ಚಾಗಿ ಬಿಸಿನೀರಿನ ಕೆಲಸ. ಆ ಜಾಗದ ಅತಿ ಬಿಸಿ ತಿಂಗಳ ಸರಾಸರಿಗಿಂತ 1 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿ ವಾರಗಟ್ಟಲೆ ನಿಂತರೆ ಹೀಗಾಗುತ್ತದೆ. ಆಗ ಕತ್ತರಿಸುವುದು, ಕಟ್ಟುವುದು ಎಲ್ಲ ನಿಲ್ಲಿಸಿ. ಬೆಳ್ಳಗಾದದ್ದೆಲ್ಲ ಸತ್ತಿಲ್ಲ, ನೀರು ತಣಿದ ಮೇಲೆ ಬಣ್ಣ ಮರಳುವುದುಂಟು. ಮೇಲೆ ಪಾಚಿ ಹತ್ತಿದ್ದನ್ನು ಮಾತ್ರ ಸತ್ತ ಲೆಕ್ಕಕ್ಕೆ ಬರೆದುಕೊಳ್ಳಿ.