ಮನೆಯಲ್ಲಿ ನಕ್ಷತ್ರ ಆಮೆ ಇದ್ದರೆ ಮೊದಲು ಏನು ಮಾಡಬೇಕು?

ಮೊದಲು ಅದನ್ನು ನೀರಿನಿಂದ ಎತ್ತಿ. ನಕ್ಷತ್ರ ಆಮೆ ಕುರುಚಲು ಕಾಡಿನ, ಒಣ ನೆಲದ ಪ್ರಾಣಿ. ಅದಕ್ಕೆ ಈಜಲು ಬರುವುದಿಲ್ಲ.

ಇದು ನಮಗೂ ಗೊತ್ತಿರಲಿಲ್ಲ. ಆಮೆ ಇದ್ದರೆ ಮನೆಗೆ ಒಳ್ಳೆಯದು ಅಂತ ಯಾರೋ ಹೇಳಿದ್ದಕ್ಕೆ ನಮ್ಮ ಮಾವ ಒಂದನ್ನು ತಂದು, ಟಬ್ಬಿನಲ್ಲಿ ಎರಡು ಬೆರಳು ನೀರು ಹಾಕಿ ಬಿಟ್ಟಿದ್ದರು. ತಿನ್ನಲು ಅನ್ನ, ಬ್ರೆಡ್ಡು. ಇಟ್ಟಿದ್ದು ಬಿಸಿಲೇ ಬೀಳದ ಬಚ್ಚಲ ಮೂಲೆಯಲ್ಲಿ. ಟಬ್ಬು ತೊಳೆಯುವುದು ನನ್ನ ಕೆಲಸ. ಎಂಟು ತಿಂಗಳಾದ ಮೇಲೆ ಒಂದು ದಿನ ಎತ್ತಿಕೊಂಡಾಗ, ಚಿಪ್ಪಿನ ಅಂಚು ಹೆಬ್ಬೆರಳಿಗೆ ಬಗ್ಗಿತು. ನೆನೆದ ರಟ್ಟಿನ ಹಾಗೆ. ಕಪ್ಪು ಚಿಪ್ಪಿನ ಮೇಲಿನ ಹಳದಿ ಗೆರೆಗಳು ಮಾತ್ರ ಹಾಗೇ ಹೊಳೆಯುತ್ತಿದ್ದವು. ಚಿಪ್ಪು ಅಂದರೆ ಮೇಲೆ ಹೊದ್ದ ಹೊದಿಕೆ ಅಲ್ಲ, ಅದರ ಬೆನ್ನುಮೂಳೆ, ಪಕ್ಕೆಲುಬು ಎಲ್ಲ ಅದರಲ್ಲೇ ಸೇರಿವೆ. ಬಿಸಿಲು, ಕ್ಯಾಲ್ಸಿಯಂ ಸಿಗದಿದ್ದರೆ ಆ ಮೂಳೆಯೇ ಮೆತ್ತಗಾಗುತ್ತದೆ. ಅಷ್ಟೂ ದಿನ ಅದು ಒಂದು ಸದ್ದೂ ಮಾಡಿರಲಿಲ್ಲ.

ಅರಣ್ಯ ಇಲಾಖೆಯವರು ಬಂದು ಒಯ್ಯುವವರೆಗೆ ಒಣ ಜಾಗದಲ್ಲಿಡಿ. ಬೆಳಗಿನ ಬಿಸಿಲು ಬೀಳಲಿ, ಪಕ್ಕದಲ್ಲಿ ನೆರಳೂ ಇರಲಿ. ಹುಲ್ಲು, ದಾಸವಾಳದ ಎಲೆ ಕೊಡಿ. ಕುಡಿಯಲು ತಟ್ಟೆಯಲ್ಲಿ ಸ್ವಲ್ಪ ನೀರು ಸಾಕು. ಅನ್ನ, ಹಾಲು ಬೇಡವೇ ಬೇಡ.

ಪುಣ್ಯ ಬರುತ್ತದೆ ಅಂತ ಕೆರೆಗೆ, ದೇವಸ್ಥಾನದ ಕಲ್ಯಾಣಿಗೆ ಬಿಡಬೇಡಿ. ಮುಳುಗಿ ಸಾಯುತ್ತದೆ. ಸುಮ್ನೆ ಯಾವುದೋ ಗುಡ್ಡಕ್ಕೂ ಬಿಡಬೇಡಿ. ಮನೆಯಲ್ಲಿ ಹತ್ತಿದ ರೋಗ ಅಲ್ಲಿನ ಆಮೆಗಳಿಗೂ ಹರಡಬಹುದು. ಬೇರೆಯವರಿಗೆ ಕೊಡುವುದೂ ತಪ್ಪು.

ಕರ್ನಾಟಕದಲ್ಲಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಬೆಂಗಳೂರಿನವರಿಗೆ ಕೆಂಗೇರಿ ಹತ್ತಿರ ವನ್ಯಜೀವಿ ಆಸ್ಪತ್ರೆಯೂ ಇದೆ. ಕೇಸ್ ಆಗುತ್ತದೇನೋ ಅಂತ ಮಾವನಿಗೆ ಭಯವಿತ್ತು. ಭಯ ಸುಳ್ಳಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯ ನಂತರ ಈ ಆಮೆ ಹುಲಿ, ಆನೆಗಳ ಜೊತೆ ಅತಿ ಹೆಚ್ಚು ರಕ್ಷಣೆಯ ಮೊದಲ ಪಟ್ಟಿಯಲ್ಲಿದೆ. ಆದರೆ ಇಟ್ಟುಕೊಂಡಷ್ಟು ದಿನವೂ ಅಪರಾಧ ಮುಂದುವರಿಯುತ್ತದೆ, ಅಲ್ವಾ? ನಾವಾಗಿಯೇ ಫೋನ್ ಮಾಡಿದೆವು. ಬಂದವರು ವಿವರ ಬರೆದುಕೊಂಡರು.

ಮಾರುವವನು "ಸಾಕಿದ ಮರಿ" ಅಂದರೆ ನಂಬಬೇಡಿ. ಕೋಲಾರದ ಕಡೆಯ, ಆಂಧ್ರ ಗಡಿಯ ಬಯಲುಗಳಿಂದ ಹಿಡಿದು ತರುತ್ತಾರೆ. ವಿದೇಶಕ್ಕೂ ಸಾಗಿಸುತ್ತಾರೆ. 2018ರಲ್ಲಿ ಸಿಂಗಾಪುರದಿಂದ 51 ನಕ್ಷತ್ರ ಆಮೆಗಳನ್ನು ಬೆಂಗಳೂರಿಗೆ ವಾಪಸ್ ತರಬೇಕಾಯಿತು.

ಕಳಿಸುವಾಗ ಗಾಳಿಯಾಡಲು ತೂತು ಮಾಡಿದ ರಟ್ಟಿನ ಡಬ್ಬ, ಕೆಳಗೆ ಹಳೆಯ ಟವೆಲ್ ಇರಲಿ. ಎಷ್ಟು ತಿಂಗಳಿತ್ತು, ಏನು ತಿನ್ನುತ್ತಿತ್ತು ಅಂತ ಚೀಟಿಯಲ್ಲಿ ಬರೆದು ಕೊಡಿ. ನಾಚಿಕೆಯಾದರೂ ಅನ್ನ, ಬ್ರೆಡ್ಡು ಅಂತ ನಿಜವನ್ನೇ ಬರೆಯಿರಿ, ಡಾಕ್ಟರಿಗೆ ಅದು ಬೇಕು.